ವಿಮಾನ ಎಡಕ್ಕೇ ವಾಲುತ್ತಿದೆಯಾ? ತಪ್ಪು ನಿಮ್ಮದಲ್ಲ!

ಕಳೆದ ವರ್ಷ ಮಾವಿನ ಸುಗ್ಗಿಯ ಸಮಯ. ಭಾನುವಾರ ರಾತ್ರಿ ಒಂಬತ್ತೂವರೆ. ಮಾಲೂರಿನ ನಮ್ಮ ಮನೆಯ ಹಾಲ್‌ನಲ್ಲಿ, ಅಮ್ಮನ ಹೊಲಿಗೆ ಮೆಷಿನ್ನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ತಮ್ಮ ಏಳನೇ ಸಲ ವಿಮಾನ ಕೆಡವಿದ. ರನ್‌ವೇ ಮೇಲೆ ಓಡುತ್ತದೆ, ಎಡಕ್ಕೆ ಎಳೆಯುತ್ತದೆ, ನೆಲ ಬಿಡುತ್ತಿದ್ದ ಹಾಗೇ ಎಡರೆಕ್ಕೆ ಕೆಳಗಾಗಿ ಪಲ್ಟಿ. ಏಳು ಸಲವೂ ಇದೇ ಕತೆ.

ಎಂಟನೇ ಸಲ ಅವನು ಶುರು ಮಾಡಲೇ ಇಲ್ಲ. ಜಾಯ್‌ಸ್ಟಿಕ್ ಪಕ್ಕಕ್ಕೆ ಸರಿಸಿ ಎದ್ದ. "ಬುಡಣ್ಣ. ನಂಗೆ ಬರಲ್ಲ. ಮೈಸೂರಲ್ಲಿ ವಾಪಸ್ ಕಳಿಸಿದ್ರಲ್ಲ, ಸರಿಯಾಗೇ ಕಳಿಸವ್ರೆ" ಅಂದ.

ನನಗೆ ಆಟ ಮರೆತುಹೋಯಿತು. ಎರಡು ಸಲ ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಗೆ ಹೋಗಿ, ಎರಡು ಸಲವೂ ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ಹೊರಬಿದ್ದು, ಸಂಜೆ ಬಸ್ಸಿಗೆ ವಾಪಸ್ ಬಂದ ಹುಡುಗ ಅವನು. ಈಗ ನರಸಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಖುಷಿಯಾಗಲಿ ಅಂತ ನಾನು ತಂದ ಜಾಯ್‌ಸ್ಟಿಕ್ಕೇ ಎತ್ತಿಬಿಟ್ಟಿತು.

ಆಮೇಲೆ ಗೊತ್ತಾಗಿದ್ದು ಇಷ್ಟು. ಅವನ ಕೈ ಸರಿಯಾಗೇ ಇತ್ತು. ಜಾಯ್‌ಸ್ಟಿಕ್ ಸರಿ ಇರಲಿಲ್ಲ, ಸೆಟ್ಟಿಂಗ್ ಸರಿ ಇರಲಿಲ್ಲ, ಜೊತೆಗೆ ವಿಮಾನದ ಒಂದು ಸಹಜ ಗುಣ ನಮಗೆ ಗೊತ್ತಿರಲಿಲ್ಲ. ಕಡಿಮೆ ಬೆಲೆಯ ಜಾಯ್‌ಸ್ಟಿಕ್ ತಂದು, ಎರಡು ದಿನ ಒದ್ದಾಡಿ, "ನಮ್ಮ ಕೈಲಾಗಲ್ಲ" ಅಂತ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಸೇರಿಸಿದವರು ಎಷ್ಟೋ ಜನ ಇರಬೇಕು. ಅವರಿಗಾಗಿ ಈ ಬರಹ.

ಕೋಲಾರಕ್ಕೆ ಇದು ಹೊಸದಲ್ಲ

ಮೊದಲು ನಮ್ಮೂರಿನ ಒಂದು ಹಳೇ ಸುದ್ದಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದಲ್ಲಿ ಒಂದು ವಾಯುನೆಲೆ ಇತ್ತು. ಬ್ರಿಟಿಷ್ ವಾಯುಪಡೆಯ 1673ನೇ ಹೆವಿ ಕನ್ವರ್ಷನ್ ಯೂನಿಟ್ ಇಲ್ಲಿತ್ತು. ಸಣ್ಣ ವಿಮಾನ ಹಾರಿಸಿ ಬಂದವರಿಗೆ ನಾಲ್ಕು ಎಂಜಿನ್‌ನ ಲಿಬರೇಟರ್ ಬಾಂಬರ್ ಹಾರಿಸುವುದನ್ನು ಕಲಿಸುವುದೇ ಅದರ ಕೆಲಸ. 1944ರ ನವೆಂಬರ್ 8ರಂದು ಇದೇ ತಂಡದವರನ್ನು ಸೇರಿಸಿ ಕೋಲಾರದಲ್ಲೇ 358ನೇ ಸ್ಕ್ವಾಡ್ರನ್ ಕಟ್ಟಿದರು. ಮುಂದಿನ ವರ್ಷದ ಶುರುವಿನಲ್ಲಿ ಅದು ಬಂಗಾಳಕ್ಕೆ ಹೋಯಿತು. ಬರ್ಮಾ, ಸಯಾಂ ಕಡೆಯ ಕಾಡುಗಳಲ್ಲಿ ರಾತ್ರಿ ಹೊತ್ತು ಗೂಢಚಾರರನ್ನೂ ಸಾಮಾನನ್ನೂ ಇಳಿಸುವ ಕೆಲಸ ಮಾಡಿತು.

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಇಂಥ ಲಿಬರೇಟರ್‌ಗಳನ್ನು ಗುಜರಿ ಮಾಡಿ ಬಿಟ್ಟುಹೋದರು. ಬೆಂಗಳೂರಿನ ಎಚ್‌ಎಎಲ್‌ನವರು ಅವನ್ನೇ ಎಬ್ಬಿಸಿ, ತಮ್ಮ ಪೈಲಟ್ ಜಮ್ಶೆಡ್ ಮುನ್ಷಿ ಅವರ ಕೈಲಿ ಹಾರಿಸಿಕೊಂಡು ಬಂದು, ರಿಪೇರಿ ಮಾಡಿ ನಮ್ಮ ವಾಯುಪಡೆಗೆ ಕೊಟ್ಟರು. 1968ರ ತನಕ ಅವು ಹಾರಿದವು. ಸೆಕೆಂಡ್ ಹ್ಯಾಂಡ್ ಅಂದರೆ ಮೂಗು ಮುರಿಯುವವರಿಗೆ ಈ ಕತೆ ಹೇಳಿ.

ನೆಲದ ಮೇಲೆ ಕೂತು ಹಾರಾಟ ಕಲಿಯುವುದೂ ಹಳೆಯದೇ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲೇ ತನ್ನ ಮೊದಲ ಸಿಮ್ಯುಲೇಟರ್ ಮಾಡಿದ. ಅವನ ಅಪ್ಪನದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ಆ ವಾದ್ಯದ ತಿದಿ, ಗಾಳಿಪಂಪುಗಳನ್ನೇ ಬಳಸಿ, ಸ್ಟಿಕ್ ಎಳೆದರೆ ಅಲುಗಾಡುವ ಪೆಟ್ಟಿಗೆ ವಿಮಾನ ಕಟ್ಟಿದ. ಮೊದಮೊದಲು ಅದನ್ನು ಜಾತ್ರೆಯ ಆಟದ ಸಾಮಾನು ಅಂತಲೇ ಜನ ನೋಡಿದರು. 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳು ಮೋಡ, ಮಂಜಿನಲ್ಲಿ ಅಂಚೆ ಸಾಗಿಸುತ್ತ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆ ಅದನ್ನು ಕೊಂಡುಕೊಂಡಿತು.

ಯಾವುದು ಕೊಳ್ಳೋದು?

ಹೊಸದು ಕೊಳ್ಳುವವರಿಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಎರಡು ಹೆಸರು ಹೇಳುತ್ತೇನೆ. ಒಂದು, ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ. ಹನ್ನೆರಡು ಬಟನ್, ಮೇಲೊಂದು ಹ್ಯಾಟ್ ಸ್ವಿಚ್, ತಿರುಚಿದರೆ ರಡ್ಡರ್, ಬುಡದಲ್ಲಿ ಸಣ್ಣ ಥ್ರಾಟಲ್. ಎರಡನೆಯದು ಥ್ರಸ್ಟ್‌ಮಾಸ್ಟರ್ ಟಿ.16000ಎಂ. ಬೆಲೆ ಸ್ವಲ್ಪ ಜಾಸ್ತಿ. ಆದರೆ ಒಳಗೆ ಅಯಸ್ಕಾಂತದ ಹಾಲ್ ಸೆನ್ಸರ್ ಇದೆ. ಒಂದಕ್ಕೊಂದು ಉಜ್ಜುವ ಭಾಗ ಇಲ್ಲದ್ದರಿಂದ ಸವೆಯುವುದೂ ಇಲ್ಲ. ಎಡಗೈಯವರಿಗೂ ಹೊಂದುವ ಹಾಗೆ ಬದಲಾಯಿಸಿಕೊಳ್ಳಬಹುದು.

ನಾನು ತಂದಿದ್ದು ಇವೆರಡೂ ಅಲ್ಲ. ಶ್ರೀನಿವಾಸಪುರದಲ್ಲಿ ಒಬ್ಬ ಹುಡುಗ ಹೊರದೇಶಕ್ಕೆ ಓದಲು ಹೊರಟಿದ್ದ. ಅವನ ಹಳೇ ಜಾಯ್‌ಸ್ಟಿಕ್ 1,800 ರೂಪಾಯಿಗೆ ಕೇಳಿದ. ಬೈಕಿನಲ್ಲಿ ಹೋಗಿ, ಒಂದು ಬುಟ್ಟಿ ಮಾವಿನಹಣ್ಣಿನ ಜೊತೆ ಅದನ್ನೂ ಕಟ್ಟಿಕೊಂಡು ಬಂದೆ. ಹಣ್ಣನ್ನು ಹಿಚುಕಿ, ಮೂಸಿ, ತೊಟ್ಟು ನೋಡಿ ಆರಿಸಿದೆ. ಜಾಯ್‌ಸ್ಟಿಕ್ ಅಲ್ಲಾಡಿಸಿಯೂ ನೋಡಲಿಲ್ಲ! ನೀವು ಹಾಗೆ ಮಾಡಬೇಡಿ.

ಹಳೆಯದು ಕೊಳ್ಳುವಾಗ ಲ್ಯಾಪ್‌ಟಾಪ್ ಜೊತೆಗಿರಲಿ. ಯುಎಸ್‌ಬಿ ಚುಚ್ಚಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಜಾಯ್.ಸಿಪಿಎಲ್ (ಜೆ-ಒ-ವೈ, ಚುಕ್ಕಿ, ಸಿ-ಪಿ-ಎಲ್) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಜಾಯ್‌ಸ್ಟಿಕ್ ಹೆಸರು ಆರಿಸಿ ಪ್ರಾಪರ್ಟೀಸ್‌ಗೆ ಹೋದರೆ ಒಂದು ಚೌಕ, ಅದರೊಳಗೆ ಒಂದು ಸಣ್ಣ ಕೂಡುಗುರುತು ಕಾಣುತ್ತದೆ. ಮೂರು ವಿಷಯ ನೋಡಿ.

ಕೈ ಬಿಟ್ಟಾಗ ಗುರುತು ನಡುಮಧ್ಯೆ ನಿಲ್ಲುತ್ತದಾ? ನಿಧಾನವಾಗಿ ಮೂಲೆಯಿಂದ ಮೂಲೆಗೆ ಒಯ್ದರೆ ನೆಗೆಯದೆ, ನಡುಗದೆ ಜಾರುತ್ತದಾ? ಹಿಡಿ ತಿರುಚಿ ಬಿಟ್ಟರೆ ರಡ್ಡರ್ ಗೆರೆ ಮೊದಲಿನ ಜಾಗಕ್ಕೇ ಬರುತ್ತದಾ? ಸಾಮಾನ್ಯವಾಗಿ ಮೊದಲು ಕೆಡುವುದು ಈ ತಿರುಚುವ ಭಾಗವೇ. ಮೂರಕ್ಕೂ "ಹೌದು" ಬಂದರೆ ಮಾತ್ರ ದುಡ್ಡು ಕೊಡಿ.

ಕರಕರ ಅನ್ನೋ ರೇಡಿಯೊ

ಆ ರಾತ್ರಿ ತಮ್ಮ ಮಲಗಿದ ಮೇಲೆ ನಾನು ಈ ಪರೀಕ್ಷೆ ಮಾಡಿದೆ. ಕೂಡುಗುರುತು ಮಧ್ಯದಲ್ಲಿ ಇರಲೇ ಇಲ್ಲ. ಎಡಕ್ಕೆ ಸರಿದು ಸಣ್ಣಗೆ ನಡುಗುತ್ತಿತ್ತು. ಅಂದರೆ ನಾವು ಕೈ ಬಿಟ್ಟು ಕೂತಿದ್ದರೂ ಕಂಪ್ಯೂಟರಿಗೆ "ಎಡಕ್ಕೆ ತಿರುಗಿಸು" ಅನ್ನುವ ಆಜ್ಞೆ ಹೋಗುತ್ತಲೇ ಇತ್ತು.

ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಟ್ ಅಂತ ಇದೆ. ಅದು ಹೇಳಿದ ಹಾಗೆ ಸ್ಟಿಕ್ ಮಧ್ಯಕ್ಕೆ ಬಿಟ್ಟು, ನಾಲ್ಕು ಮೂಲೆ ಮುಟ್ಟಿಸಿ ಮುಗಿಸಿದರೆ ಮಧ್ಯಬಿಂದು ಸರಿಯಾಗುತ್ತದೆ. ನನಗೂ ಗುರುತು ಮಧ್ಯಕ್ಕೆ ಬಂತು. ನಡುಕ ಮಾತ್ರ ಹೋಗಲಿಲ್ಲ.

ಮರುದಿನ ಕೋಲಾರದ ಒಂದು ಟಿವಿ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ವಯಸ್ಸಾದವರು. ಬುಡ ಬಿಚ್ಚಿ ನೋಡಿ ನಕ್ಕರು. "ಹಳೇ ರೇಡಿಯೊದಾಗೆ ವಾಲ್ಯೂಮ್ ತಿರುಗ್ಸಿದ್ರೆ ಕರಕರ ಅಂತಿರ್ಲಿಲ್ವಾ? ಅದೇ ಕಾಯಿಲೆ ಸಾರ್ ಇದು."

ಕಡಿಮೆ ಬೆಲೆಯ ಬಹಳಷ್ಟು ಸ್ಟಿಕ್‌ಗಳ ಒಳಗಿರುವುದು ಪೊಟೆನ್ಶಿಯೋಮೀಟರ್. ರೇಡಿಯೊದ ವಾಲ್ಯೂಮ್ ಕಂಟ್ರೋಲ್‌ನಲ್ಲಿ ಇರುವುದೂ ಅದೇ. ಒಂದು ಸಣ್ಣ ಲೋಹದ ನಾಲಿಗೆ ಕಾರ್ಬನ್ ಪಟ್ಟಿಯ ಮೇಲೆ ಉಜ್ಜುತ್ತಾ ಓಡಾಡುತ್ತದೆ. ಧೂಳು ಕೂತರೆ ಸಿಗ್ನಲ್ ನಡುಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ಆಡಿಸಿದರು. ನಡುಕ ನಿಂತಿತು. 150 ರೂಪಾಯಿ.

ಎರಡು ಎಚ್ಚರಿಕೆ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಹಾಕಬೇಡಿ. ಎಣ್ಣೆ ಒಳಗೇ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಇನ್ನು ಹೊಸದಾಗಿ ಕೊಂಡಿದ್ದಾದರೆ ಬಿಚ್ಚಲೇಬೇಡಿ, ವಾರಂಟಿ ಹೋಗುತ್ತದೆ.

ಮಾವನ ಮಟ್ಟ

ಮುಂದಿನ ತೊಂದರೆ ಜಾಗದ್ದು. ಸ್ಟಿಕ್ ಜೋರಾಗಿ ಎಳೆದರೆ ಬುಡವೇ ಎದ್ದು ಬರುತ್ತಿತ್ತು. ಹೊಲಿಗೆ ಮೆಷಿನ್ ಎತ್ತರ ಬೇರೆ. ಅರ್ಧ ಗಂಟೆ ಕೂತರೆ ಭುಜ ನೋವು.

ಮುಳಬಾಗಿಲಿನ ನಮ್ಮ ಸೋದರಮಾವ ಬಡಗಿ ಕೆಲಸದವರು. ವಿಮಾನದ ಗೇಮ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಕೂತ್ಕೊ. ಮೊಳಕೈ ಎಲ್ಲಿಗೆ ಬತ್ತದೆ ತೋರ್ಸು." ಅಳತೆ ತೆಗೆದುಕೊಂಡು, ಕುರ್ಚಿಯ ಸೀಟಿನ ಮುಂದೆ ಎರಡು ತೊಡೆಗಳ ನಡುವೆ ಬರುವ ಹಾಗೆ ಒಂದು ಪ್ಲೈವುಡ್ ತುಂಡು ಕತ್ತರಿಸಿ, ಎರಡು ಸಿ-ಕ್ಲ್ಯಾಂಪ್‌ನಲ್ಲಿ ಬಿಗಿದರು. ಅದರ ಮೇಲೆ ಜಾರದ ಮ್ಯಾಟ್, ಮ್ಯಾಟಿನ ಮೇಲೆ ಜಾಯ್‌ಸ್ಟಿಕ್, ಸುತ್ತ ವೆಲ್ಕ್ರೊ ಪಟ್ಟಿ.

ಬಹಳಷ್ಟು ಯುದ್ಧವಿಮಾನಗಳಲ್ಲೂ ಸ್ಟಿಕ್ ಇರುವುದು ಕಾಲುಗಳ ನಡುವೆಯೇ. ಇದರಿಂದ ಇನ್ನೊಂದು ಲಾಭ ಆಯಿತು. ಬುಡದಲ್ಲಿರುವ ಥ್ರಾಟಲ್‌ಗೆ ಎಡಗೈ ಸಲೀಸಾಗಿ ಹೋಗುತ್ತದೆ. ಮೇಜಿನ ಬಲಮೂಲೆಯಲ್ಲಿ ಇಟ್ಟರೆ ಎಡಗೈ ಎದೆ ದಾಟಿ ಬರಬೇಕು. ನೀವು ಮೇಜಿನ ಮೇಲೇ ಇಡುವುದಾದರೂ ಮಾವನ ಸೂತ್ರ ನೆನಪಿಡಿ. ಮೊಳಕೈ ಮಡಿಸಿದಾಗ ಮುಂಗೈ ನೆಲಕ್ಕೆ ಸಮವಾಗಿ ಇರಬೇಕು, ಭುಜ ಎತ್ತಬಾರದು.

ಹಿಡಿತ ಹಗುರ ಇರಲಿ. ಕೋಳಿಮೊಟ್ಟೆ ಹಿಡಿದ ಹಾಗೆ. ಬಿಗಿ ಹಿಡಿದವರ ವಿಮಾನ ನಡುಗುತ್ತದೆ, ಮಣಿಕಟ್ಟು ನೋಯುತ್ತದೆ.

ನಾಲ್ಕು ಆಕ್ಸಿಸ್, ಒಂದೊಂದು ಕಡೆ ಮಾತ್ರ

ನಾವು ಬಳಸಿದ್ದು ಡಿಸಿಎಸ್ ವರ್ಲ್ಡ್. ಉಚಿತವಾಗಿ ಎರಡು ವಿಮಾನ ಕೊಡುತ್ತಾರೆ. ಒಂದು ಎರಡನೇ ಮಹಾಯುದ್ಧದ ಮಸ್ಟ್ಯಾಂಗ್‌ನ ಶಸ್ತ್ರವಿಲ್ಲದ ತರಬೇತಿ ರೂಪ, ಟಿಎಫ್-51ಡಿ. ಇನ್ನೊಂದು ರಷ್ಯಾದ ದಾಳಿ ವಿಮಾನ ಸು-25ಟಿ. ಡೌನ್‌ಲೋಡ್ ದೊಡ್ಡದು, ಮೊಬೈಲ್ ಡೇಟಾ ನಂಬಿ ಕೂರಬೇಡಿ. ಕನಿಷ್ಠ 16 ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಇದ್ದರೆ ಚೆನ್ನ.

ವಾರ್ ಥಂಡರ್ ಕೂಡ ಉಚಿತವೇ. ಆದರೆ ಅದರ ಆರ್ಕೇಡ್, ರಿಯಲಿಸ್ಟಿಕ್ ಪಂದ್ಯಗಳಲ್ಲಿ ಮೌಸ್ ಹಿಡಿದವರದೇ ಮೇಲುಗೈ. ಅಲ್ಲಿ ಜಾಯ್‌ಸ್ಟಿಕ್ ಹಿಡಿದು ಸೋತು ಬೇಜಾರಾಗಬೇಡಿ. ಸಿಮ್ಯುಲೇಟರ್ ಪಂದ್ಯಕ್ಕೆ ಹೋಗಿ. ಅಲ್ಲಿ ಮೌಸ್ ಗುರಿಯ ಸವಲತ್ತು ಯಾರಿಗೂ ಇಲ್ಲ.

ಈಗ ಸೆಟ್ಟಿಂಗ್. ಬೇಕಾಗಿರುವುದು ನಾಲ್ಕೇ. ಸ್ಟಿಕ್ ಹಿಂದೆ-ಮುಂದೆ ಆಡಿದರೆ ಪಿಚ್, ಮೂಗು ಏರುವುದು-ಇಳಿಯುವುದು. ಎಡ-ಬಲ ಆಡಿದರೆ ರೋಲ್, ರೆಕ್ಕೆ ವಾಲುವುದು. ತಿರುಚಿದರೆ ರಡ್ಡರ್, ಮೂಗು ಪಕ್ಕಕ್ಕೆ ಹೊರಳುವುದು. ಬುಡದ ಸ್ಲೈಡರ್ ಥ್ರಾಟಲ್. ಹಿಂದಕ್ಕೆ ಎಳೆದರೆ ಮೂಗು ಮೇಲೇಳಬೇಕು. ಎತ್ತಿನ ಹಗ್ಗ ಜಗ್ಗಿದರೆ ಎತ್ತು ತಲೆ ಎತ್ತುತ್ತದಲ್ಲ, ಹಾಗೆ. ಉಲ್ಟಾ ಆದರೆ ಇನ್ವರ್ಟ್ ಟಿಕ್ ಹಾಕಿ. ಥ್ರಾಟಲ್‌ಗೆ ಇದು ಬಹಳ ಸಲ ಬೇಕಾಗುತ್ತದೆ.

ನಾವು ಎಡವಿದ ಎರಡನೇ ಜಾಗ ಇದೇ. ಸ್ಟಿಕ್ ಸರಿಯಾದ ಮೇಲೂ ಎಂಜಿನ್ ತನ್ನಷ್ಟಕ್ಕೆ ಏರಿಳಿಯುತ್ತಿತ್ತು. ಕಾರಣ, ಲ್ಯಾಪ್‌ಟಾಪಿನ ಇನ್ನೊಂದು ತೂತಿಗೆ ಹಳೇ ಗೇಮ್‌ಪ್ಯಾಡ್ ಚುಚ್ಚಿಯೇ ಇತ್ತು. ಡಿಸಿಎಸ್ ತಾನು ಕಂಡ ಪ್ರತಿ ಸಾಧನಕ್ಕೂ ತಾನೇ ಆಕ್ಸಿಸ್ ಹಂಚಿಬಿಡುತ್ತದೆ. ಒಂದೇ ಎತ್ತಿಗೆ ಇಬ್ಬರು ಹಗ್ಗ ಹಿಡಿದ ಹಾಗೆ. ಕಂಟ್ರೋಲ್ಸ್‌ಗೆ ಹೋಗಿ, ನಿಮ್ಮ ವಿಮಾನ ಆರಿಸಿ, ಆಕ್ಸಿಸ್ ಕಮಾಂಡ್ಸ್ ಪಟ್ಟಿ ತೆಗೆಯಿರಿ. ಪಿಚ್, ರೋಲ್, ರಡ್ಡರ್, ಥ್ರಸ್ಟ್ ನಾಲ್ಕೂ ಜಾಯ್‌ಸ್ಟಿಕ್ಕಿನ ಕಾಲಂನಲ್ಲಿ ಮಾತ್ರ ಇರಲಿ. ಬೇರೆ ಕಾಲಂಗಳಲ್ಲಿ ಇದ್ದರೆ ಅಳಿಸಿ. ಪ್ರತಿ ವಿಮಾನಕ್ಕೂ ಇದು ಬೇರೆ ಬೇರೆ, ನೆನಪಿರಲಿ.

ಡೆಡ್‌ಝೋನ್, ಕರ್ವ್: ಉಪ್ಪು ಹಾಕಿದ ಹಾಗೆ

ಆಕ್ಸಿಸ್ ಟ್ಯೂನ್ ತೆರೆದರೆ ಒಂದು ಗೆರೆ, ಹಲವು ಸ್ಲೈಡರ್. ಹೆದರಬೇಡಿ, ಎರಡೇ ಸಾಕು.

ಡೆಡ್‌ಝೋನ್ ಅಂದರೆ ಮಧ್ಯದಲ್ಲಿ ಇಷ್ಟು ಅಲ್ಲಾಡಿದರೂ ಲೆಕ್ಕಕ್ಕಿಲ್ಲ ಅನ್ನುವ ಜಾಗ. ಸೊನ್ನೆಯಿಂದ ಶುರು ಮಾಡಿ. ಕೈ ಬಿಟ್ಟಾಗ ಗುರುತು ನಿಂತಲ್ಲೇ ನಿಲ್ಲುವ ತನಕ ಒಂದೊಂದೇ ಏರಿಸಿ. ಪಿಚ್, ರೋಲ್‌ಗೆ ನಮಗೆ 3 ಸಾಕಾಯಿತು. ತಿರುಚುವ ರಡ್ಡರ್‌ಗೆ 8 ಬೇಕಾಯಿತು. ಸ್ಟಿಕ್ ಎಳೆಯುವಾಗ ಗೊತ್ತಿಲ್ಲದೆ ಮಣಿಕಟ್ಟು ತಿರುಚುತ್ತದೆ, ಅದಕ್ಕೆ ಇದು ತಡೆ. ಜಾಸ್ತಿ ಇಟ್ಟರೆ ಗುರಿ ಹಿಡಿಯುವಾಗ ಸ್ಟಿಕ್ ಸತ್ತ ಹಾಗಿರುತ್ತದೆ.

ಕರ್ವೇಚರ್ ಯಾಕೆ? ನಿಜವಾದ ವಿಮಾನದ ಸ್ಟಿಕ್ ಸಾಮಾನ್ಯವಾಗಿ ಉದ್ದ. ಕೈ ಒಂದಿಷ್ಟು ದೂರ ಸರಿದರೂ ಅದು ವಾಲುವುದು ಸ್ವಲ್ಪವೇ. ನಮ್ಮದು ಗೇಣುದ್ದ. ಬೆರಳು ಮಿಸುಕಿದರೆ ವಿಮಾನ ಹಾರಿಬೀಳುತ್ತದೆ. ಕರ್ವ್ ಹಾಕಿದರೆ ಮಧ್ಯದ ಭಾಗ ಮೆತ್ತಗಾಗುತ್ತದೆ, ತುದಿಯಲ್ಲಿ ಚುರುಕಾಗುತ್ತದೆ. ಪಿಚ್, ರೋಲ್‌ಗೆ 15ರಿಂದ 20 ಇಟ್ಟು ನೋಡಿ. 30 ದಾಟಿದರೆ ಮಧ್ಯದಲ್ಲಿ ನಿದ್ದೆ, ತುದಿಯಲ್ಲಿ ದಿಢೀರ್ ಹುಚ್ಚು. ಥ್ರಾಟಲ್‌ಗೆ ಕರ್ವ್ ಬೇಡ.

ಒಮ್ಮೆಗೆ ಒಂದೇ ಬದಲಾಯಿಸಿ, ಹಾರಿಸಿ, ಮತ್ತೆ ಬನ್ನಿ. ಸಾರಿಗೆ ಉಪ್ಪು, ಖಾರ, ಹುಳಿ ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದು ಜಾಸ್ತಿಯಾಯ್ತು ಅಂತ ಹೇಗೆ ಗೊತ್ತಾಗಬೇಕು? ಹಾರುವಾಗ ಬಲಗಡೆ ಕಂಟ್ರೋಲ್ ಕೀ ಮತ್ತು ಎಂಟರ್ ಒತ್ತಿದರೆ ಸ್ಟಿಕ್ ಎಲ್ಲಿದೆ ಅಂತ ಪರದೆಯಲ್ಲೇ ಕಾಣುತ್ತದೆ. ತಪ್ಪು ಕೈಯದೋ ಯಂತ್ರದ್ದೋ ಅಂತ ಜಗಳ ಬಗೆಹರಿಸಲು ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಬಟನ್ ಕಡಿಮೆ ಅಂತ ಚಿಂತೆ ಬೇಡ

ಟ್ರಿಗರ್‌ಗೆ ಗನ್. ಹೆಬ್ಬೆರಳಿನ ಬಟನ್‌ಗೆ ಬಾಂಬು, ಕ್ಷಿಪಣಿ. ಇನ್ನೊಂದು ಹತ್ತಿರದ ಬಟನ್ನನ್ನು ಮಾಡಿಫೈಯರ್ ಮಾಡಿ. ಕೀಬೋರ್ಡಿನ ಶಿಫ್ಟ್ ಇದ್ದ ಹಾಗೆ, ಅದನ್ನು ಹಿಡಿದರೆ ಉಳಿದ ಬಟನ್‌ಗಳಿಗೆಲ್ಲ ಎರಡನೇ ಕೆಲಸ ಸಿಗುತ್ತದೆ. ನಾವು ಹ್ಯಾಟ್ ಸ್ವಿಚ್‌ಗೆ ಸುತ್ತ ನೋಡುವುದನ್ನು ಕೊಟ್ಟು, ಮಾಡಿಫೈಯರ್ ಜೊತೆ ಅದನ್ನೇ ಟ್ರಿಮ್ ಮಾಡಿದೆವು. ಚಕ್ರ ಇಳಿಸುವಂಥ ಅಪರೂಪದ ಕೆಲಸ ಕೀಬೋರ್ಡಿನಲ್ಲೇ ಇರಲಿ.

ಟ್ರಿಮ್ ಅಂದರೇನು? ಸೈಕಲ್ಲಿನ ಒಂದೇ ಕಡೆ ನೀರಿನ ಕ್ಯಾನ್ ಕಟ್ಟಿದರೆ ಹ್ಯಾಂಡಲ್ ಸದಾ ಎಳೆದು ಹಿಡಿಯಬೇಕು. ಇನ್ನೊಂದು ಕಡೆಗೂ ತೂಕ ಕಟ್ಟಿದರೆ ಕೈಗೆ ಆರಾಮ. ವಿಮಾನದ ವೇಗ ಬದಲಾದಾಗಲೆಲ್ಲ ಈ ತೂಕ ಸರಿದೂಗಿಸಬೇಕು, ಅದೇ ಟ್ರಿಮ್. ಕೈ ಸೋಲುತ್ತಿದೆ ಅನ್ನುವವರಲ್ಲಿ ಅನೇಕರು ಟ್ರಿಮ್ ಮುಟ್ಟಿಯೇ ಇರುವುದಿಲ್ಲ.

ತಲೆ ತಿರುಗಿಸಿದ ಹಾಗೆ ನೋಟವೂ ತಿರುಗಬೇಕಾ? ಓಪನ್‌ಟ್ರ್ಯಾಕ್ ಅನ್ನುವ ಉಚಿತ ಸಾಫ್ಟ್‌ವೇರ್ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲೇ ಮುಖದ ಚಲನೆ ಹಿಡಿಯುತ್ತದೆ. ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳಬೇಕು, ಅಷ್ಟೇ.

ನಮ್ಮ ಕಡೆಯ ಕಾಟಗಳು

ಹಾರುತ್ತಿರುವಾಗ ಜಾಯ್‌ಸ್ಟಿಕ್ ಇದ್ದಕ್ಕಿದ್ದಂತೆ ಸತ್ತರೆ, ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆರಿಸಿ. ಕರೆಂಟ್ ಉಳಿಸಲು ಅದು ತೂತನ್ನೇ ಮಲಗಿಸಿಬಿಡುತ್ತದೆ. ಅಗ್ಗದ ಯುಎಸ್‌ಬಿ ಹಬ್ ಬೇಡ, ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ದಿನಾ ಅದೇ ತೂತಿಗೆ ಚುಚ್ಚಿ. ಬೇರೆಯದಕ್ಕೆ ಹಾಕಿದರೆ ಕೆಲವೊಮ್ಮೆ ಹೊಸ ಸಾಧನ ಅಂತ ತಿಳಿದು ಸೆಟ್ಟಿಂಗ್ ಎಲ್ಲ ಮರೆತುಬಿಡುತ್ತದೆ. ಸೇವ್ಡ್ ಗೇಮ್ಸ್ ಒಳಗೆ ಡಿಸಿಎಸ್, ಅದರೊಳಗೆ ಕಾನ್ಫಿಗ್, ಅದರೊಳಗಿನ ಇನ್‌ಪುಟ್ ಫೋಲ್ಡರ್ ಕಾಪಿ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಒಂದು ಸಂಜೆಯ ಕೆಲಸ ಉಳಿಯುತ್ತದೆ.

ಕರೆಂಟ್ ಹೋದರೆ ಲ್ಯಾಪ್‌ಟಾಪಿನವರಿಗೆ ಚಿಂತೆಯಿಲ್ಲ. ಡೆಸ್ಕ್‌ಟಾಪ್ ಇರುವವರು ಮನೆಯ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಅದು ಹೊತ್ತಿಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಿರುತ್ತದೆ.

ಮೂರನೇ ಕಾರಣ

ಸ್ಟಿಕ್ ರಿಪೇರಿ ಆಯಿತು, ಗೇಮ್‌ಪ್ಯಾಡ್ ತೆಗೆದಿದ್ದಾಯಿತು. ತಮ್ಮನನ್ನು ಮತ್ತೆ ಕೂರಿಸಲು ನಾಲ್ಕು ದಿನ ಬೇಕಾಯಿತು. ಕೂತ. ಓಡಿಸಿದ. ವಿಮಾನ ಮತ್ತೆ ಎಡಕ್ಕೆ ಎಳೆಯಿತು! ಅವನು ನನ್ನ ಮುಖ ನೋಡಿದ.

ಈ ಸಲ ತಪ್ಪು ಯಾರದೂ ಅಲ್ಲ. ಮಸ್ಟ್ಯಾಂಗ್‌ಗೆ ಮುಂದೆ ದೊಡ್ಡ ಪ್ರೊಪೆಲ್ಲರ್ ಇದೆ. ಅದು ಒಂದು ದಿಕ್ಕಿಗೆ ತಿರುಗಿದರೆ ವಿಮಾನದ ಮೈ ಇನ್ನೊಂದು ದಿಕ್ಕಿಗೆ ತಿರುಚಿಕೊಳ್ಳಲು ನೋಡುತ್ತದೆ. ಅದು ತಳ್ಳುವ ಗಾಳಿಯೂ ಸುರುಳಿ ಸುತ್ತಿ ಬಾಲಕ್ಕೆ ಬಡಿಯುತ್ತದೆ. ಎಂಜಿನ್‌ಗೆ ಒಮ್ಮೆಲೇ ಪೂರ್ತಿ ಜೋರು ಕೊಟ್ಟರೆ ನಿಜವಾದ ಮಸ್ಟ್ಯಾಂಗ್ ಕೂಡ ಎಡಕ್ಕೆ ನುಗ್ಗುತ್ತದೆ. ಔಷಧಿ ಇಷ್ಟೇ: ಥ್ರಾಟಲ್ ನಿಧಾನವಾಗಿ ಏರಿಸಿ, ಬಲ ರಡ್ಡರ್ ಸ್ವಲ್ಪ ಸ್ವಲ್ಪ ಒತ್ತುತ್ತಾ ಮೂಗು ನೇರ ಇಡಿ.

ಮೊದಲ ಎರಡು ಕಾರಣಗಳನ್ನು ರಿಪೇರಿ ಮಾಡಬಹುದು. ಮೂರನೆಯದನ್ನು ಕಲಿಯಬೇಕು. ಯಾವುದು ಯಾವುದು ಅಂತ ಬೇರ್ಪಡಿಸಿಕೊಳ್ಳದಿದ್ದರೆ ಮೂರೂ ಸೇರಿ ನಮ್ಮ ತಲೆಯ ಮೇಲೆ ಕೂರುತ್ತವೆ.

ಒಂಬತ್ತನೇ ಸಲಕ್ಕೆ ವಿಮಾನ ಎದ್ದಿತು. ರೆಕ್ಕೆ ಸ್ವಲ್ಪ ಓಲಾಡಿತು, ಸಮವಾಯಿತು. ತಮ್ಮ ಏನೂ ಮಾತಾಡಲಿಲ್ಲ. ಹತ್ತು ನಿಮಿಷ ಸುಮ್ಮನೆ ನೇರ ಹಾರಿಸಿದ.

ಮೊದಲ ವಾರ ಗುಂಡು ಹಾರಿಸಬೇಡಿ

ನಮ್ಮ ಅನುಭವದ ಪಾಠ ಇದು. ಮೊದಲ ಎರಡು ದಿನ ನೇರ, ಸಮ ಹಾರಾಟ. ಟ್ರಿಮ್ ಮಾಡಿ ಕೈ ಬಿಟ್ಟರೂ ಐದು ನಿಮಿಷ ಹಾರಬೇಕು. ಮೂರನೇ ದಿನ ಎತ್ತರ ಬಿಡದೆ ತಿರುವು. ನಾಲ್ಕು, ಐದನೇ ದಿನ ಇಳಿಸುವುದು, ಬರೀ ಇಳಿಸುವುದು. ಆರನೇ ದಿನ ಇನ್ನೊಂದು ವಿಮಾನದ ಹಿಂದೆ ಹಿಂದೆ ಹೋಗುವುದು. ಆಮೇಲೆ ಸು-25ಟಿ ಹತ್ತಿ ಗನ್ ಮುಟ್ಟಿ. ಹಿಂಬಾಲಿಸಲು ಬಂದವನಿಗೆ ಗುರಿ ತಾನಾಗೇ ಬರುತ್ತದೆ.

ಗುಂಡಿನ ಮಾತು ಬಂದಾಗ ನನಗೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ನೆನಪಾಗುತ್ತಾರೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ಮೇಲಿನ ದಾಳಿಗೆ ಹೋದವರು. ಅವರ ಮಿಸ್ಟೇರ್ ಹಳೇ ಕಾಲದ, ನಿಧಾನದ ವಿಮಾನ. ಎದುರಿಗೆ ಬಂದಿದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ಅದನ್ನು ಕೆಡವಿದರು, ತಾವು ಮರಳಲಿಲ್ಲ. ಅಲ್ಲಿ ನಡೆದದ್ದು ನಮ್ಮ ದೇಶಕ್ಕೆ ಗೊತ್ತಾಗಿ, ಮಹಾವೀರ ಚಕ್ರ ಸಂದದ್ದು 1988ರಲ್ಲಿ. ನಮಗೆ ಕೆಡವಿದರೆ ಇನ್ನೊಂದು ವಿಮಾನ ಸಿಗುತ್ತದೆ. ಆ ವ್ಯತ್ಯಾಸ ಮರೆಯದೆ ಆಡಿದರೆ ಆಟಕ್ಕೊಂದು ಗಾಂಭೀರ್ಯ ಬರುತ್ತದೆ.

ಲೆಕ್ಕ

ಜಾಯ್‌ಸ್ಟಿಕ್ 1,800. ಟಿವಿ ಅಂಗಡಿ 150. ಪೆಟ್ರೋಲ್ 200. ಎರಡು ಸಿ-ಕ್ಲ್ಯಾಂಪ್ 240. ಮ್ಯಾಟ್, ವೆಲ್ಕ್ರೊ 90. ಪ್ಲೈವುಡ್ ಮಾವನದು. ಒಟ್ಟು 2,480 ರೂಪಾಯಿ. ಮಾವಿನಹಣ್ಣು ಬೇರೆ.

ಇಲ್ಲಿ ಚೆನ್ನಾಗಿ ಹಾರಿಸಿದರೆ ವಾಯುಪಡೆ ಕರೆಯುತ್ತದೆ ಅಂತ ನಾನು ಹೇಳುವುದಿಲ್ಲ. ಅಲ್ಲಿ ಪೈಲಟ್ ಆಗುವವರ ಕೈ-ಕಾಲು-ಕಣ್ಣಿನ ಹೊಂದಾಣಿಕೆ ನೋಡಲು ಸಿಪಿಎಸ್‌ಎಸ್ ಅನ್ನುವ ಪರೀಕ್ಷೆ ಬೇರೆಯೇ ಇದೆ. ಅದರಲ್ಲಿ ಒಮ್ಮೆ ಫೇಲಾದರೆ ಪೈಲಟ್ ದಾರಿ ಮತ್ತೆ ತೆರೆಯುವುದಿಲ್ಲ. ನನ್ನ ತಮ್ಮ ಅಲ್ಲಿಯ ತನಕ ಹೋಗಲೇ ಇಲ್ಲ. "ನಿನ್ನ ಕೈಲಿ ವಿಮಾನ ಹಾರಿಸೋಕಾಗಲ್ಲ" ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಧೂಳು ಹಿಡಿದ ಒಂದು ಜಾಯ್‌ಸ್ಟಿಕ್ ಹೇಳಿತ್ತು, ಅವನು ನಂಬಿದ್ದ.

ಈಗ ಮೈಸೂರಿನ ಮಾತು ಮನೆಯಲ್ಲಿ ಬರುತ್ತದೆ. ಮೂರನೇ ಸಲ ಹೋಗುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟಿದ್ದು. ಶಿಫ್ಟ್ ಮುಗಿಸಿ ಬಂದ ರಾತ್ರಿಗಳಲ್ಲಿ ಒಂದರ್ಧ ಗಂಟೆ ಹಾರಿಸುತ್ತಾನೆ. ಮೆಷಿನ್ ಬಿಟ್ಟುಕೊಟ್ಟ ಅಮ್ಮ ಪಕ್ಕದಲ್ಲಿ ಕೂತು ಬ್ಲೌಸಿಗೆ ಹುಕ್ಸ್ ಹಾಕುತ್ತಿರುತ್ತಾರೆ. ಪರದೆ ನೋಡುವುದಿಲ್ಲ. ಶಬ್ದ ನಿಂತಾಗ ಮಾತ್ರ ಕೇಳುತ್ತಾರೆ:

"ಇಳಿಸಿದ್ಯಾ?"

"ಇಳಿಸ್ದೆ ಕಣಮ್ಮ."

"ಸರಿ, ಕೈ ತೊಳ್ಕೊಂಡ್ ಬಾ. ಮುದ್ದೆ ಆರೋಗ್ತದೆ."